ಹೆರಾಲ್ಡೋ, ಲಾರಿಯೋ

ಊರಿನ ತೋಟದ ಶೆಡ್ಡಿನಲ್ಲಿ 31 ವರ್ಷದಿಂದ ಒಂದು ಕಾರು ನಿಂತಿದೆ. ನಿಂತಿದೆ ಅನ್ನೋದಕ್ಕಿಂತ ಕೂತಿದೆ ಅನ್ನಬೇಕು, ಯಾಕಂದ್ರೆ ನಾಲ್ಕೂ ಟೈರಿನ ಗಾಳಿ ಯಾವತ್ತೋ ಇಳಿದುಹೋಗಿ ರಿಮ್ಮು ನೆಲ ಮುಟ್ಟಿದೆ. ಕಾರಿನ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಖಾಲಿ ಕೊಬ್ಬರಿ ಚೀಲ, ಚೀಲದ ಮೇಲೆ ಬೆಕ್ಕು. ನಂಬರ್ ಪ್ಲೇಟಿನಲ್ಲಿ ಇನ್ನೂ ಹಳೇ ಮೈಸೂರು ರಾಜ್ಯದ 'ಎಂವೈ' ಅಕ್ಷರ ಇದೆ. ಆರ್.ಸಿ. ಪುಸ್ತಕದ ಪ್ರಕಾರ ಅದು 1964ರ ಸ್ಟ್ಯಾಂಡರ್ಡ್ ಹೆರಾಲ್ಡ್. ಆದರೆ ಹೆರಾಲ್ಡ್ ನೋಡಿದವರು ಇದನ್ನು ನೋಡಿದರೆ ಗುರುತು ಹಿಡಿಯೋದು ಕಷ್ಟ. 1976ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ನಮ್ಮ ಚಿಕ್ಕಪ್ಪ ಅದರ ಮೇಲ್ಛಾವಣಿ ಕಿತ್ತು, ಹಿಂದಿನ ಸೀಟು ತೆಗೆದು, ಬೆಂಗಳೂರಿನ ಜೆ.ಸಿ. ರಸ್ತೆಯ ಹತ್ತಿರದ ಒಬ್ಬ ಮೇಸ್ತ್ರಿ ಕೈಲಿ ತಗಡು ಬಡಿಸಿ, ಇಬ್ಬರೇ ಕೂರುವ ತೆರೆದ ಸ್ಪೋರ್ಟ್ಸ್ ಕಾರು ಮಾಡಿಸಿಕೊಂಡಿದ್ದರು. ಒಂದು ಸಲ ಅದನ್ನು ಮದರಾಸಿನ ಶೋಲಾವರಂ ರೇಸಿಗೂ ಓಡಿಸಿಕೊಂಡು ಹೋಗಿ ಬಂದರು. ಎಷ್ಟನೇ ಸ್ಥಾನ ಬಂತು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಈಗ ಚಿಕ್ಕಪ್ಪನಿಗೆ 74. ಬಲಗೈ ನಡುಗುತ್ತದೆ. ಹೋದ ವರ್ಷ ಅಜ್ಜಿಯ ಹೆಸರಲ್ಲಿದ್ದ ಡೆಪಾಸಿಟ್ಟು ಮುಗಿದು ಮನೆಗೆ 6 ಲಕ್ಷ ಬಂತು. ಆ ದುಡ್ಡಲ್ಲಿ ಏನು ಮಾಡೋದು ಅನ್ನೋ ಮಾತು ಬಂದಾಗ ಚಿಕ್ಕಪ್ಪ ಏನೂ ಹೇಳಲಿಲ್ಲ, ಎದ್ದು ಶೆಡ್ಡಿನ ಕಡೆ ಹೋದರು. ಕಾರನ್ನು ಎಬ್ಬಿಸೋಣ ಅಂತ ಬಾಯಿಬಿಟ್ಟು ಹೇಳಿದವನು ನಾನೇ. ಬೆಂಗಳೂರಿನಲ್ಲಿ ಒಬ್ಬರನ್ನು ವಿಚಾರಿಸಿದ್ದೆ, ಐದೂವರೆ ಲಕ್ಷದ ಲೆಕ್ಕ ಕೊಟ್ಟಿದ್ದರು. ಅದೂ ಗ್ಯಾರಂಟಿ ಇಲ್ಲದ ಲೆಕ್ಕ.

ತೋಟ ನೋಡಿಕೊಳ್ಳುವವನು ಚಿಕ್ಕಪ್ಪನ ಮಗ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನು ನಕ್ಕ. "ಅಣ್ಣ, ಕೊಬ್ಬರಿ ತಿಪಟೂರು ಯಾರ್ಡಿಗೆ ಹಾಕೋಕೆ ಬಾಡಿಗೆ ಗಾಡಿಯವ್ನು ಕೇಳಿದಷ್ಟು ಕೊಡ್ತಾ ಇದೀನಿ. ಹರಾಜಿನ ದಿನ ಅವ್ನು ಕೈ ಕೊಟ್ರೆ ಮಾಲು ಮನೇಲೇ. ಅದೇ ದುಡ್ಡಿಗೆ ಸೆಕೆಂಡ್ಸ್‌ನಲ್ಲಿ ಒಂದು ದೋಸ್ತ್ ಬರತ್ತೆ. ನಿನ್ ಕಾರಲ್ಲಿ ಎಷ್ಟು ಚೀಲ ಹಿಡಿಯತ್ತೆ ಹೇಳು?"

ದೋಸ್ತ್ ಅಂದರೆ ಅಶೋಕ್ ಲೇಲ್ಯಾಂಡಿನ ಸಣ್ಣ ಲಾರಿ. ಆ ಹೆಸರು ಕೇಳಿದ ಮೇಲೆ ನನ್ನ ತಲೆ ಬೇರೆ ಕಡೆಗೆ ಓಡಿತು. ನಾನು ಆಫೀಸಿನ ಕೆಲಸ ಬಿಟ್ಟು ಹಳೇ ಕಂಪನಿಗಳ ಚರಿತ್ರೆ ಓದುತ್ತಾ ಕೂರುವ ಜಾತಿ. ಆ ರಾತ್ರಿ ಓದುತ್ತಾ ಹೋದಂತೆ ಗೊತ್ತಾಗಿದ್ದು ಏನಂದ್ರೆ, ನಮ್ಮ ಶೆಡ್ಡಿನಲ್ಲಿ ನಡೀತಿದ್ದ ಜಗಳ ಹಳೇದು. ಇದೇ ಎರಡು ಹೆಸರುಗಳ ನಡುವೆ, ಇದೇ ಪ್ರಶ್ನೆ ಇಟ್ಟುಕೊಂಡು, ಮದರಾಸಿನಲ್ಲೂ ಇಂಗ್ಲೆಂಡಿನಲ್ಲೂ 40 ವರ್ಷ ನಡೆದಿತ್ತು.

1948ನೇ ಇಸವಿ. ಸ್ವಾತಂತ್ರ್ಯ ಬಂದು ಒಂದು ವರ್ಷ. ಮದರಾಸಿನಲ್ಲಿ ಎರಡು ಮೋಟಾರು ಕಂಪನಿ ಹುಟ್ಟಿದವು. ಒಂದು ಊರಿನ ಉತ್ತರಕ್ಕೆ ಎಣ್ಣೂರಿನಲ್ಲಿ, ಇನ್ನೊಂದು ದಕ್ಷಿಣಕ್ಕೆ ವಂಡಲೂರಿನ ಕಡೆ. ಎಣ್ಣೂರಿನದನ್ನು ಶುರು ಮಾಡಿದವರು ರಘುನಂದನ್ ಸರಣ್. ಅವರಿಗೆ ಇದ್ದ ಒಬ್ಬನೇ ಮಗ ಅಶೋಕ್, ಅವನ ಹೆಸರನ್ನೇ ಕಂಪನಿಗೆ ಇಟ್ಟರು: ಅಶೋಕ್ ಮೋಟಾರ್ಸ್. ಅಲ್ಲಿ ಜೋಡಿಸುತ್ತಿದ್ದುದು ಇಂಗ್ಲೆಂಡಿನ ಆಸ್ಟಿನ್ ಎ40 ಕಾರು. ಹೌದು, ಇವತ್ತು ನಾವು ಬರೀ ಬಸ್ಸು ಲಾರಿಗೆ ಗುರುತಿಸುವ ಅಶೋಕ್ ಲೇಲ್ಯಾಂಡ್ ಹುಟ್ಟಿದ್ದು ಕಾರು ಕಂಪನಿಯಾಗಿ. ವಂಡಲೂರಿನದು ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. ಇಂಗ್ಲೆಂಡಿನ ಕವೆಂಟ್ರಿಯ ಸ್ಟ್ಯಾಂಡರ್ಡ್ ಕಂಪನಿಯ ಜೊತೆ ಸೇರಿ ಮಾಡಿದ್ದು. ಅವರು ಮೊದಲು ಜೋಡಿಸಿದ್ದು ವ್ಯಾನ್‌ಗಾರ್ಡ್ ಅನ್ನುವ ದೊಡ್ಡ ಕಾರನ್ನು.

ಅಂದರೆ ಒಂದೇ ಊರು, ಒಂದೇ ವರ್ಷ, ಇಬ್ಬರದೂ ಇಂಗ್ಲಿಷ್ ಕಾರು, ಇಬ್ಬರದೂ ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗ ಬಿಚ್ಚಿ ಜೋಡಿಸುವ ಕೆಲಸ.

ಎಣ್ಣೂರಿನವರು ಬೇಗ ದಾರಿ ಬದಲಿಸಿದರು. ಕಾರಿಗಿಂತ ಲಾರಿಗೆ ದೇಶದಲ್ಲಿ ಜಾಗ ಇದೆ ಅಂತ ಸರಣ್ ಅವರಿಗೆ ಅನ್ನಿಸಿತ್ತು. 1950ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಮೋಟಾರ್ಸ್ ಜೊತೆ ಲಾರಿ ಜೋಡಿಸುವ ಒಪ್ಪಂದ ಆಯಿತು. ಅದು ಪೂರ್ತಿ ಕೈಗೂಡುವ ಮೊದಲೇ ಸರಣ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆದರೂ ಮಾತುಕತೆ ಮುಂದುವರಿದು, 1955ರಲ್ಲಿ ಲೇಲ್ಯಾಂಡ್ ಬಂಡವಾಳ ಹಾಕಿ, ಹೆಸರು ಅಶೋಕ್ ಲೇಲ್ಯಾಂಡ್ ಆಯಿತು. ಆಸ್ಟಿನ್ ಕಾರು ಮಾಯ. ಅದರ ಹಿಂದಿನ ವರ್ಷವಷ್ಟೇ ಜಮ್ಷೆಡ್‌ಪುರದಲ್ಲಿ ಟೆಲ್ಕೋದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಶುರು ಮಾಡಿದ್ದರು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಪಂಚವಾರ್ಷಿಕ ಯೋಜನೆಗಳ ಕಾಲ ಅದು. ಸರ್ಕಾರದ ಕಣ್ಣಿಗೆ ಲಾರಿ ಅಂದರೆ ಅಭಿವೃದ್ಧಿ, ಕಾರು ಅಂದರೆ ಶೋಕಿ. ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರು ಇದ್ದರೆ ಇರಲಿ ಅಂತ ಸರ್ಕಾರ ಹೇಳಿದ ಮೇಲೆ ಫೋರ್ಡ್, ಜನರಲ್ ಮೋಟಾರ್ಸ್‌ನಂಥವರೂ 1950ರ ದಶಕದ ಮಧ್ಯದ ಹೊತ್ತಿಗೆ ಗಂಟುಮೂಟೆ ಕಟ್ಟಿದರು. ಕಾರಿನ ಕಡೆ ಲೆಕ್ಕಕ್ಕೆ ಉಳಿದವರು ಮೂವರು: ಕಲ್ಕತ್ತೆಯ ಕಡೆ ಹಿಂದುಸ್ತಾನ್, ಬೊಂಬಾಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್.

ಇಲ್ಲಿ ಸ್ವಲ್ಪ ಕವೆಂಟ್ರಿಗೆ ಹೋಗಿ ಬರಬೇಕು. ನಂಗೆ ತುಂಬಾ ಇಷ್ಟವಾದ ಭಾಗ ಇದು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಸ್ಟ್ಯಾಂಡರ್ಡ್ ಕಂಪನಿಯ ಮುಖ್ಯಸ್ಥ ಸರ್ ಜಾನ್ ಬ್ಲ್ಯಾಕ್ ಎರಡು ಕೆಲಸ ಮಾಡಿದರು. ದಿವಾಳಿಯಾಗಿ ಬಿದ್ದಿದ್ದ ಟ್ರಯಂಫ್ ಅನ್ನುವ ಸ್ಪೋರ್ಟ್ಸ್ ಕಾರಿನ ಹೆಸರನ್ನು ಕೊಂಡುಕೊಂಡರು. ಜೊತೆಗೆ ಹ್ಯಾರಿ ಫರ್ಗ್ಯೂಸನ್ ಎಂಬಾತನಿಗೆ ಟ್ರ್ಯಾಕ್ಟರ್ ಮಾಡಿಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಯುದ್ಧದಲ್ಲಿ ವಿಮಾನದ ಎಂಜಿನ್ ಮಾಡುತ್ತಿದ್ದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 1946ರಿಂದ ಟಿಇ20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರು ಹೊರಬರತೊಡಗಿತು. ಹತ್ತು ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು.

ಆ ಟ್ರ್ಯಾಕ್ಟರಿಗೂ ವ್ಯಾನ್‌ಗಾರ್ಡ್ ಕಾರಿಗೂ ಸ್ಟ್ಯಾಂಡರ್ಡ್‌ನವರು ಹಾಕಿದ್ದು ಒಂದೇ ಮೂಲದ ನಾಲ್ಕು ಸಿಲಿಂಡರ್ ಎಂಜಿನ್. ಅದರ ಸಿಲಿಂಡರ್ ಲೈನರುಗಳನ್ನು ಹೊರಕ್ಕೆ ಎಳೆದು ಬೇರೆ ಹಾಕಬಹುದಿತ್ತು, ಹಾಗಾಗಿ ಒಂದೇ ಬ್ಲಾಕಿನಲ್ಲಿ ಬೇರೆ ಬೇರೆ ಅಳತೆ ಸಾಧ್ಯ. ವ್ಯಾನ್‌ಗಾರ್ಡಿನಲ್ಲಿ 2,088 ಸಿ.ಸಿ. ಇದ್ದದ್ದನ್ನು 1,991ಕ್ಕೆ ಇಳಿಸಿ, ಅಂದರೆ ರೇಸಿನ 2 ಲೀಟರ್ ದರ್ಜೆಯೊಳಗೆ ಕೂರುವಂತೆ ಮಾಡಿ, ಒಂದು ತೆರೆದ ಕಾರಿಗೆ ಇಟ್ಟರು. ಅದೇ ಟ್ರಯಂಫ್ ಟಿಆರ್2. 1953ರ ಮೇ ತಿಂಗಳಲ್ಲಿ ಬೆಲ್ಜಿಯಂನ ಯಾಬೆಕೆ ಎಂಬಲ್ಲಿನ ನೇರ ರಸ್ತೆಯಲ್ಲಿ ಕೆನ್ ರಿಚರ್ಡ್‌ಸನ್ ಅದನ್ನು ಗಂಟೆಗೆ 200 ಕಿ.ಮೀ.ಗಿಂತ ಜೋರಾಗಿ ಓಡಿಸಿದ. ಗದ್ದೆ ಉಳುತ್ತಿದ್ದ ಎಂಜಿನ್ನಿನ ಅಣ್ಣನೋ ತಮ್ಮನೋ! ಇದನ್ನು ಫೋನಿನಲ್ಲಿ ನಮ್ಮ ತಮ್ಮನಿಗೆ ಹೇಳಿದೆ. "ಹಂಗಾದ್ರೆ ಟ್ರ್ಯಾಕ್ಟರೇ ತಗೊಳೋಣ ಬಿಡು" ಅಂದ.

ಕವೆಂಟ್ರಿಯವರು ಮಾತ್ರ ಉಲ್ಟಾ ಹೋದರು. 1959ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನು ಮ್ಯಾಸಿ-ಫರ್ಗ್ಯೂಸನ್‌ಗೆ ಮಾರಿಬಿಟ್ಟು ಪೂರ್ತಿಯಾಗಿ ಕಾರಿನ ಮೇಲೆ ಪಣ ಕಟ್ಟಿದರು. ಅದೇ ವರ್ಷ ಬಂದದ್ದು ಟ್ರಯಂಫ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ಬಿಡಿಸಿದ ಚೂಪು ಮೈಕಟ್ಟು. ಬಾನೆಟ್ಟು ಅಂದರೆ ಬರೀ ಮುಚ್ಚಳ ಅಲ್ಲ, ಮಡ್‌ಗಾರ್ಡು ದೀಪ ಎಲ್ಲಾ ಸೇರಿ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತಿತ್ತು. ಮುಂದಿನ ಚಕ್ರದ ಮೇಲೆ ಕೂತುಕೊಂಡು ಎಂಜಿನ್ ರಿಪೇರಿ ಮಾಡಬಹುದಿತ್ತು. 25 ಅಡಿ ವ್ಯಾಸದ ಜಾಗದಲ್ಲಿ ಗಿರ್ರನೆ ತಿರುಗುತ್ತಿತ್ತು, ಲಂಡನ್ನಿನ ಟ್ಯಾಕ್ಸಿಯ ಹಾಗೆ.

ಇನ್ನೊಂದು ವಿಚಿತ್ರ ಅಂದರೆ ಅದರ ಚಾಸಿ. ಉಳಿದ ಕಂಪನಿಗಳೆಲ್ಲ ಮೈಯೂ ಚಾಸಿಯೂ ಒಂದೇ ಆಗಿರುವ ಕಾರಿನ ಕಡೆ ಹೋಗುತ್ತಿದ್ದ ಕಾಲದಲ್ಲಿ ಹೆರಾಲ್ಡಿಗೆ ಲಾರಿಯ ಹಾಗೆ ಬೇರೆಯೇ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಮೈ. ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ದೊಡ್ಡ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಕೊಂಡಿದ್ದರಿಂದ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಜೋಡಿಸುವುದು ಬಿಟ್ಟು ದಾರಿ ಇರಲಿಲ್ಲ. ಈ ಬಡತನವೇ ವರವಾಯಿತು. ಪೆಟ್ಟಿಗೆಯಲ್ಲಿ ತುಂಬಿ ಮದರಾಸಿಗೆ ಕಳಿಸೋದು ಸುಲಭ. ಚಾಸಿಯನ್ನು ಸ್ವಲ್ಪ ಗಿಡ್ಡ ಮಾಡಿ ಬೇರೆ ಮೈ ಹೊದಿಸೋದೂ ಸುಲಭ. ಜೆ.ಸಿ. ರಸ್ತೆಯ ಮೇಸ್ತ್ರಿ ನಮ್ಮ ಚಿಕ್ಕಪ್ಪನಿಗೆ ಸ್ಪೋರ್ಟ್ಸ್ ಕಾರು ಮಾಡಿಕೊಡಲು ಸಾಧ್ಯವಾಗಿದ್ದು ಅದರಿಂದಲೇ. ಛಾವಣಿ ಕಿತ್ತರೂ ಗಾಡಿ ಸೊಂಟ ಮುರಿದುಕೊಳ್ಳಲಿಲ್ಲ.

ಕಾರು ಚೆನ್ನಾಗಿತ್ತು, ಲೆಕ್ಕದ ಪುಸ್ತಕ ಚೆನ್ನಾಗಿರಲಿಲ್ಲ. 1960ರ ಕೊನೆಯ ಹೊತ್ತಿಗೆ ಸ್ಟ್ಯಾಂಡರ್ಡ್-ಟ್ರಯಂಫ್ ದುಡ್ಡು ಕಳೆದುಕೊಳ್ಳುತ್ತಾ ಕೂತಿತ್ತು. ಆಗ ಕೊಳ್ಳಲು ಬಂದವರು ಯಾರು ಗೊತ್ತಾ? ಲೇಲ್ಯಾಂಡ್! 1896ರಲ್ಲಿ ಉಗಿ ವ್ಯಾನು ಮಾಡಿ ಶುರುಮಾಡಿದ, ಲ್ಯಾಂಕಷೈರಿನ ಒಂದು ಸಣ್ಣ ಊರಿನ, ಬಸ್ಸು ಲಾರಿ ಮಾಡಿಕೊಂಡು ಗಟ್ಟಿಯಾಗಿ ದುಡ್ಡು ಮಾಡಿದ್ದ ಕಂಪನಿ. 1961ರಲ್ಲಿ ಲಾರಿಯವರು ಸ್ಪೋರ್ಟ್ಸ್ ಕಾರಿನವರನ್ನು ಕೊಂಡುಕೊಂಡರು.

ಲೇಲ್ಯಾಂಡಿನಿಂದ ಉಸ್ತುವಾರಿಗೆ ಬಂದ ಎಂಜಿನಿಯರ್ ಸ್ಟ್ಯಾನ್ಲಿ ಮಾರ್ಕ್‌ಲ್ಯಾಂಡ್. ಅವರು ಕಾರ್ಖಾನೆ ಸುತ್ತುತ್ತಿದ್ದಾಗ ಒಂದು ಮೂಲೆಯಲ್ಲಿ ಧೂಳು ಹಿಡಿದ ಬಟ್ಟೆ ಹೊದ್ದುಕೊಂಡು ಏನೋ ನಿಂತಿತ್ತು. ಎತ್ತಿ ನೋಡಿದರೆ ಗಿಡ್ಡ ಮಾಡಿದ ಹೆರಾಲ್ಡ್ ಚಾಸಿಯ ಮೇಲೆ ಮಿಕೆಲೊಟ್ಟಿ ಮಾಡಿದ ಪುಟ್ಟ ತೆರೆದ ಕಾರಿನ ಮಾದರಿ. ದುಡ್ಡಿಲ್ಲ ಅಂತ ಮೂಲೆಗೆ ತಳ್ಳಿದ್ದರು. ಇದನ್ನು ಮಾಡೋಣ ಅಂತ ಆ ಲಾರಿ ಎಂಜಿನಿಯರ್ ಒಪ್ಪಿಗೆ ಕೊಟ್ಟರು. ಮರುವರ್ಷ ಅದು ಟ್ರಯಂಫ್ ಸ್ಪಿಟ್‌ಫೈರ್ ಅಂತ ಮಾರುಕಟ್ಟೆಗೆ ಬಂತು, 1980ರವರೆಗೆ 3 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ನಮ್ಮ ಶೆಡ್ಡಿನ ಟಾರ್ಪಾಲು ನೆನೆಸಿಕೊಂಡು ಈ ಕತೆ ಓದಿದಾಗ ರಾತ್ರಿ ಒಂದೂವರೆ. ಯಾರನ್ನಾದರೂ ಎಬ್ಬಿಸಿ ಹೇಳಬೇಕು ಅನ್ನಿಸಿತು. ಹೆಂಡತಿಯನ್ನು ಎಬ್ಬಿಸುವ ಧೈರ್ಯ ಬರಲಿಲ್ಲ.

ಆದರೆ ಲಾರಿಯ ದುಡ್ಡಲ್ಲಿ ಕಾರು ಸಾಕುವ ಚಟ ಅಲ್ಲಿಗೆ ನಿಲ್ಲಲಿಲ್ಲ. 1968ರಲ್ಲಿ ಲೇಲ್ಯಾಂಡ್ ಇನ್ನೂ ದೊಡ್ಡದಾದ, ಇನ್ನೂ ಸೋತುಹೋಗಿದ್ದ ಆಸ್ಟಿನ್-ಮಾರಿಸ್ ಗುಂಪಿನ ಜೊತೆ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಮುಖ್ಯಸ್ಥರು ಡೊನಾಲ್ಡ್ ಸ್ಟೋಕ್ಸ್, ಜಗತ್ತಿನಾದ್ಯಂತ ಬಸ್ಸು ಲಾರಿ ಮಾರಿ ಹೆಸರು ಮಾಡಿದವರು. ಏಳೇ ವರ್ಷ. 1975ರಲ್ಲಿ ಸರ್ಕಾರವೇ ಕೈಗೆ ತಗೊಳ್ಳಬೇಕಾಯಿತು. ಕಾರಿನ ಗುಂಡಿ ತುಂಬುವುದಕ್ಕೆ ಹೋದ ದುಡ್ಡು ಹೊಸ ಲಾರಿಗೆ ಸಿಗಲಿಲ್ಲ. ನನ್ನ ಪ್ರಕಾರ ಇಡೀ ಕತೆಯಲ್ಲಿ ದೊಡ್ಡ ತಪ್ಪು ಇದೇ. ಸ್ಪಿಟ್‌ಫೈರಿಗೆ ಒಪ್ಪಿಗೆ ಕೊಟ್ಟದ್ದು ತಪ್ಪಲ್ಲ, ಇದ್ದ ಒಂದು ವಿನ್ಯಾಸವನ್ನು ಕಡಿಮೆ ಖರ್ಚಿನಲ್ಲಿ ಮುಗಿಸಿದ್ದು ಅದು. ಮುಳುಗುವ ಹಡಗನ್ನು ಲಾರಿಗೆ ಕಟ್ಟಿದ್ದು ತಪ್ಪು.

ವಾಪಸ್ ಮದರಾಸಿಗೆ. 1961ರಲ್ಲಿ ವಂಡಲೂರಿನವರು ಹೆರಾಲ್ಡ್ ಶುರು ಮಾಡಿದರು, 948 ಸಿ.ಸಿ. ಎಂಜಿನ್. ಇಂಗ್ಲೆಂಡಿನಲ್ಲಿ ಅದೇ ಎಂಜಿನ್ 1,147 ಆಯಿತು, 1,296 ಆಯಿತು, ಕೊನೆಗೆ 1,493 ಆಗಿ ಸ್ಪಿಟ್‌ಫೈರಿಗೂ ಎಂಜಿ ಮಿಜೆಟ್ಟಿಗೂ ಹೋಯಿತು. ಇಲ್ಲಿ ಮಾತ್ರ ಕೊನೆಯವರೆಗೂ 948. ಅದೇ ಹೊತ್ತಿಗೆ ಇಲ್ಲಿನವರು ಇಂಗ್ಲೆಂಡಿನವರು ಮಾಡದ ಒಂದು ಕೆಲಸ ಮಾಡಿದರು: 1968ರ ಸುಮಾರಿಗೆ ನಾಲ್ಕು ಬಾಗಿಲಿನ ಹೆರಾಲ್ಡ್. ಹಿಂದಿನ ಸೀಟಿಗೆ ಹತ್ತಲು ಅತ್ತೆ ಮಾವ ಮುಂದಿನ ಸೀಟು ಮಡಚಿ ನುಸುಳಬೇಕು ಅಂದರೆ ನಮ್ಮಲ್ಲಿ ಯಾರು ತಗೋತಾರೆ ಹೇಳಿ.

ಹೆರಾಲ್ಡಿನ ಹಿಂದಿನ ಚಕ್ರಗಳು ಒಂದೊಂದೂ ಬೇರೆ ಬೇರೆಯಾಗಿ ತೂಗುವ ಆಕ್ಸಲ್ ಮೇಲೆ ಇದ್ದವು. ತಿರುವಿನಲ್ಲಿ ಅವಸರಪಟ್ಟು ಬ್ರೇಕ್ ಒತ್ತಿದರೆ ಚಕ್ರ ಒಳಕ್ಕೆ ಬಾಗಬಹುದು. ಓಡಿಸೋಕೆ ಮಜಾ, ನಮ್ಮ ರಸ್ತೆಗೂ ಮೆಕ್ಯಾನಿಕ್ಕುಗಳಿಗೂ ಸಜಾ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಝೆಲ್‌ನಲ್ಲಿ ಅದನ್ನು ತೆಗೆದು, ಅಂಬಾಸಿಡರ್, ಫಿಯಟ್‌ಗಳಲ್ಲಿ ಇದ್ದಂತಹ ಸಾದಾ ಗಟ್ಟಿ ಆಕ್ಸಲ್ ಹಾಕಿದರು. ಎಂಜಿನ್ನು ಅದೇ 948. ಆದರೆ ಕಾಲ ಕೆಟ್ಟಿತ್ತು. 1969ರಲ್ಲಿ ಸರ್ಕಾರ ಕಾರುಗಳ ಮಾರಾಟದ ಬೆಲೆಯನ್ನೇ ಕಟ್ಟಿಹಾಕಿತ್ತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಏರಿತು. ಮೂವರಲ್ಲಿ ಚಿಕ್ಕವರಾದ ಸ್ಟ್ಯಾಂಡರ್ಡ್‌ಗೆ ಪೆಟ್ಟು ಜೋರಾಗಿಯೇ ಬಿತ್ತು. ಆ ದಶಕ ಮುಗಿಯುವ ಮೊದಲೇ ಗೆಝೆಲ್ ನಿಂತಿತು.

ಆಮೇಲೆ ಕೆಲವು ವರ್ಷ ವಂಡಲೂರಿನಿಂದ ಹೊರಬಂದದ್ದು 'ಸ್ಟ್ಯಾಂಡರ್ಡ್ 20' ಅನ್ನುವ ಸಣ್ಣ ವಾಣಿಜ್ಯ ವಾಹನ ಮಾತ್ರ. ನಮ್ಮ ತಮ್ಮ ಕೇಳುತ್ತಿರುವ ಗಾಡಿಯ ಅಜ್ಜ ಅನ್ನಬಹುದಾದ ಜಾತಿ. ಇಲ್ಲಿ ಕತೆ ಒಂದು ಕ್ಷಣ ಉಸಿರು ಹಿಡಿಯುತ್ತದೆ. 1980ರ ದಶಕದ ಮಧ್ಯಕ್ಕೆ ಸಣ್ಣ ಲಾರಿಗೆ ದೇಶದಲ್ಲಿ ಹಸಿವು ಹುಟ್ಟಿತ್ತು. ಜಪಾನಿನ ಟೊಯೋಟಾ, ನಿಸಾನ್, ಮಜ್ದಾ, ಮಿತ್ಸುಬಿಷಿ ನಾಲ್ಕೂ ಇಲ್ಲಿನ ಪಾಲುದಾರರ ಜೊತೆ ಅದಕ್ಕೇ ಬಂದವು. 1986ರಲ್ಲಿ ಟೆಲ್ಕೋ 407 ತಂದಿತು, ಅದು ಇವತ್ತಿಗೂ ರಸ್ತೆಯಲ್ಲಿದೆ. ವಂಡಲೂರಿನವರ ಕೈಯಲ್ಲಿ ಕಾರ್ಖಾನೆ ಇತ್ತು, ಸಣ್ಣ ಲಾರಿ ಮಾಡಿದ ಅನುಭವ ಇತ್ತು.

ಅವರು ಆರಿಸಿಕೊಂಡದ್ದು ಕಾರನ್ನು. ಅದೂ ಎಂಥ ಕಾರು! 1985ರಲ್ಲಿ ಸ್ಟ್ಯಾಂಡರ್ಡ್ 2000. ಮೈ ಇಂಗ್ಲೆಂಡಿನ ರೋವರ್ ಎಸ್‌ಡಿ1ದು, 1977ರಲ್ಲಿ ಯುರೋಪಿನ ವರ್ಷದ ಕಾರು ಅನ್ನಿಸಿಕೊಂಡದ್ದು, ಅಲ್ಲಿ ಮೂರೂವರೆ ಲೀಟರಿನ ವಿ8 ಎಂಜಿನ್ ಇಟ್ಟುಕೊಂಡು ಓಡಿದ್ದು. ಇಲ್ಲಿ ಅದರೊಳಗೆ ಇಟ್ಟಿದ್ದು 1,991 ಸಿ.ಸಿ. ಎಂಜಿನ್. ಆ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆಯಲ್ಲ? ಅದೇ. ವ್ಯಾನ್‌ಗಾರ್ಡಿನ, ಟಿಆರ್2ರ, ಬೂದು ಟ್ರ್ಯಾಕ್ಟರಿನ ವಂಶ. ಸುಮಾರು 40 ವರ್ಷ ಹಳೆಯ ವಿನ್ಯಾಸವನ್ನು ತಿದ್ದಿ ತೀಡಿ ಆ ಭಾರೀ ಮೈಗೆ ಹೂಡಿದ್ದರು. ಎರಡು ವರ್ಷ ಮುಂಚೆ ಮಾರುತಿ 800 ಬಂದು ಜನರ ಕಾರಿನ ಕಲ್ಪನೆಯನ್ನೇ ಬದಲಾಯಿಸಿತ್ತು. 1988ರಲ್ಲಿ ಉತ್ಪಾದನೆ ನಿಂತಿತು. ಮತ್ತೆ ಆ ಗೇಟಿನಿಂದ ಕಾರು ಬರಲಿಲ್ಲ.

ಎಣ್ಣೂರಿನವರ ಕತೆ ಹೇಳೋಕೆ ಅಷ್ಟು ರೋಚಕ ಅಲ್ಲ, ಬದುಕಿದವರ ಕತೆ ಹಾಗೇ. 1980ರಲ್ಲಿ ಹೊಸೂರಿನಲ್ಲಿ, ಅಂದರೆ ನಮ್ಮ ಬೆಂಗಳೂರಿನ ಬಾಗಿಲಲ್ಲೇ, ಕಾರ್ಖಾನೆ ಹಾಕಿದರು. 1987ರಲ್ಲಿ ಇಂಗ್ಲೆಂಡಿನವರು ತಮ್ಮ ಪಾಲನ್ನು ಹಿಂದುಜಾ ಗುಂಪಿಗೂ ಇಟಲಿಯ ಇವೆಕೋಗೂ ಮಾರಿ ಹೊರಟರು. ಅಪ್ಪ ಮನೆ ಮಾರಿದ, ಮಗ ಮನೆ ಕಟ್ಟಿದ. 2011ರಲ್ಲಿ ನಿಸಾನ್ ಜೊತೆ ಸೇರಿ ಹೊಸೂರಿನಲ್ಲಿ ಮಾಡಿದ್ದು ದೋಸ್ತ್.

ಇಷ್ಟನ್ನೂ ಒಂದು ಭಾನುವಾರ ಊರಿಗೆ ಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಕಾರಿನ ಪರ ವಾದ ಮಾಡೋಣ ಅಂತ ಓದಲು ಕೂತವನು ಲಾರಿಯ ಪರ ಸಾಕ್ಷಿ ಹೊತ್ತುಕೊಂಡು ಬಂದಿದ್ದೆ. ಅದನ್ನು ಅವರ ಮುಖ ನೋಡಿಕೊಂಡು ಹೇಳೋದು ಕಷ್ಟ ಆಯಿತು. ಅವರು ಮಧ್ಯೆ ಒಂದೇ ಕಡೆ ತಡೆದರು.

"ಆ ಬಟ್ಟೆ ಎತ್ತಿ ನೋಡಿದ್ನಲ್ಲ, ಅವ್ನ ಹೆಸರೇನಂದೆ?"

"ಮಾರ್ಕ್‌ಲ್ಯಾಂಡ್, ಚಿಕ್ಕಪ್ಪ."

"ಲಾರಿ ಮಾಡೋನು?"

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವ್ನಿಗೆ ಲಾರೀಲಿ ದುಡ್ಡು ಬರ್ತಿತ್ತು ಕಣೋ. ಅದಕ್ಕೇ ಬಟ್ಟೆ ಎತ್ತಿ ನೋಡೋಷ್ಟು ಪುರುಸೊತ್ತಿತ್ತು. ಅವ್ನಿಗೆ ಲಾರಿ ಕೊಡಿಸಿ."

'ಅವ್ನು' ಅಂದರೆ ಮಗ. ಹಾಗೆ ತೀರ್ಮಾನ ಆಯಿತು. ತುಮಕೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ದೋಸ್ತ್ ಸಿಕ್ಕಿತು, ಒಬ್ಬರೇ ಓನರ್, ಎಫ್.ಸಿ. ಇನ್ನೂ ಇತ್ತು. ನಾಲ್ಕು ಲಕ್ಷದ ಎಂಬತ್ತು ಸಾವಿರಕ್ಕೆ ಮಾತಾಯಿತು. ಉಳಿದ ದುಡ್ಡಿಗೆ ಇಡೀ ಕಾರು ಏಳುವುದಿಲ್ಲ, ಆದರೆ ಎಂಜಿನ್ ಒಂದನ್ನಾದರೂ ಬಿಚ್ಚಿಸೋಣ ಅಂದವನು ತಮ್ಮನೇ. ಇಂಗ್ಲೆಂಡಿನಲ್ಲಿ ಟ್ರಯಂಫ್ ಬಿಡಿಭಾಗ ಮಾರುವ ಅಂಗಡಿಗಳು ಇವತ್ತಿಗೂ ಇವೆ, ಸ್ಪಿಟ್‌ಫೈರ್ ಹುಚ್ಚಿನವರ ಪುಣ್ಯ.

ಹೋದ ತಿಂಗಳು ಹರಾಜಿನ ದಿನ ಯಾರ್ಡಿಗೆ ಕೊಬ್ಬರಿ ಹಾಕಿ, ಅದೇ ಗಾಡಿಯಲ್ಲಿ ಚೀಲಗಳ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಆ ಎಂಜಿನ್ ಬ್ಲಾಕನ್ನು ತಿಪಟೂರಿನ ಒಂದು ಲೇತ್ ವರ್ಕ್ಸ್‌ನಲ್ಲಿ ಇಳಿಸಿದೆವು. ಚಿಕ್ಕಪ್ಪನೂ ಬಂದಿದ್ದರು, ಮುಂದಿನ ಸೀಟಿನಲ್ಲಿ ಕೂತು. ಲೇತಿನ ಹುಡುಗ ಗೋಣಿ ಬಿಚ್ಚಿ, ಬ್ಲಾಕನ್ನು ಹೊರಳಿಸಿ ನೋಡಿ, "ಇದ್ಯಾವ ಪಂಪ್‌ಸೆಟ್ಟಿಂದು ಸಾರ್?" ಅಂದ. ತಮ್ಮ ನನ್ನ ಮುಖ ನೋಡಿ ನಗು ತಡೆದುಕೊಂಡ. ಚಿಕ್ಕಪ್ಪ ಏನೂ ಹೇಳದೆ, ನಡುಗುವ ಬೆರಳನ್ನು ಮೊದಲನೇ ಸಿಲಿಂಡರಿನೊಳಗೆ ಇಳಿಸಿ ಸುತ್ತಲೂ ಒಂದು ಸಲ ಸವರಿದರು. ಹುಡುಗ ಗೇಜು ತಂದು ನಾಲ್ಕನ್ನೂ ಅಳೆದ. ಮೂರು ಪರವಾಗಿಲ್ಲ, ನಾಲ್ಕನೆಯದು ತುಕ್ಕು ತಿಂದಿದೆ, ಬೋರ್ ಮಾಡಬೇಕು, ಓವರ್‌ಸೈಜ್ ಪಿಸ್ಟನ್ ಸಿಗತ್ತಾ ವಿಚಾರಿಸ್ಕೊಂಡು ಬನ್ನಿ ಅಂದ.